ಅತ್ತೆಯ ಅಪ್ಪನ ಊರು

ನಮ್ಮ ಅತ್ತೆ ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ನಿದ್ದೆ ಮಾಡುತ್ತಾರೆ. ಅದನ್ನು ನಿದ್ದೆ ಎಂದರೆ ಅವರಿಗೆ ಕೋಪ. "ಯೋಚನೆ ಮಾಡುತ್ತಿದ್ದೆ" ಎನ್ನುತ್ತಾರೆ. ಬಾಯಿ ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಾ ಯೋಚನೆ ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೆನಡಾದ ಟೊರಾಂಟೋ ಹತ್ತಿರದ ಸ್ಟೌಫ್‌ವಿಲ್ಲಿನ ನಮ್ಮ ಮನೆಯ ಹಿಂದೆ ಮಳೆನೀರು ನಿಲ್ಲಲೆಂದು ತೋಡಿದ ಒಂದು ಕೊಳವಿದೆ. ಅದರಾಚೆ ಇನ್ನೂ ಯಾರೂ ಮನೆ ಕಟ್ಟದೆ ಉಳಿದಿರುವ ಜೋಳದ ಹೊಲ. ಚಳಿಗಾಲದಲ್ಲಿ ಕೊಳ, ಹೊಲ, ಆಕಾಶ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿ, ಯಾವುದು ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಅತ್ತೆ ಆ ಬಿಳಿಯನ್ನೇ ನೋಡುತ್ತಾ ನೋಡುತ್ತಾ ಕಣ್ಣು ಮುಚ್ಚುತ್ತಾರೆ. ಎಚ್ಚರವಾದ ಮೇಲೆ ಒಮ್ಮೊಮ್ಮೆ, "ಮತ್ತೆ ಆ ಮನೆಗೆ ಹೋಗಿದ್ದೆ. ಬಾಗಿಲು ತೆಗೆಯಲಿಲ್ಲ" ಎಂದು ಹೇಳುತ್ತಾರೆ.

ಅವರು ನನ್ನ ಗಂಡನ ತಾಯಿ. ಎಂಬತ್ತು ದಾಟಿದೆ. ಹುಟ್ಟಿ ಬೆಳೆದದ್ದೆಲ್ಲ ಒಂಟಾರಿಯೋದಲ್ಲಿ. ನಮ್ಮ ಮದುವೆಯಾದ ಹೊಸತರಲ್ಲಿ ಇಲ್ಲಿಯ ಪದ್ಧತಿಯಂತೆ ತಮ್ಮನ್ನು ಹೆಸರು ಹಿಡಿದು ಕರೆಯಲು ಹೇಳಿದರು. ಮೈಸೂರಿನಲ್ಲಿ ಬೆಳೆದ ನನ್ನ ನಾಲಿಗೆ ಒಪ್ಪಲಿಲ್ಲ. ಹಾಗೆ ಕರೆದರೆ ನನ್ನಮ್ಮ ಫೋನಿನಲ್ಲೇ ನನ್ನ ಕಿವಿ ಹಿಂಡುತ್ತಾಳೆಂದು ಹೇಳಿ 'ಅತ್ತೆ' ಎಂದೆ. ಈಗ ಪಕ್ಕದ ಮನೆಯವರೂ, ಮನೆಯ ಮುಂದಿನ ಹಿಮ ಬಳಿದು ತೆಗೆಯಲು ಬರುವವನೂ, ಹಲ್ಲಿನ ಡಾಕ್ಟರೂ ಅದೇ ಅವರ ಹೆಸರೆಂದು ತಿಳಿದು ಅತ್ತೆ ಎಂದೇ ಕರೆಯುತ್ತಾರೆ. ಇಡೀ ಬೀದಿಗೆ ಅತ್ತೆ. ಅವರು ಆಡುವುದು ಇಂಗ್ಲಿಷು. ಇಲ್ಲಿ ಅದನ್ನು ನನ್ನ ಕನ್ನಡಕ್ಕೆ ತಿರುಗಿಸಿಕೊಂಡು ಬರೆಯುತ್ತಿದ್ದೇನೆ.

ಅವರು ಕನಸಿನಲ್ಲಿ ಹೋಗುವ ಮನೆ ಇರುವುದು ನಾರ್ವೆಯಲ್ಲಿ. ಅತ್ತೆಯ ಅಪ್ಪ ಹರೆಯದಲ್ಲಿ ಅಲ್ಲಿಂದ ಹಡಗು ಹತ್ತಿ ಬಂದು, ಒಂಟಾರಿಯೋದ ಉತ್ತರದ ಕಾಡುಗಳಲ್ಲಿ ಮರ ಕಡಿದು, ಆಮೇಲೆ ಟೊರಾಂಟೋದ ಹತ್ತಿರ ಬಡಗಿಯಾಗಿ ನೆಲೆ ನಿಂತವರು. ಅತ್ತೆ ಇನ್ನೂ ಚಿಕ್ಕವರಿದ್ದಾಗಲೇ ತೀರಿಕೊಂಡರು. ತಮ್ಮ ಊರಿನ ಬಗ್ಗೆ ಬಾಯಿ ಬಿಡುತ್ತಿರಲಿಲ್ಲವಂತೆ. ಮಗಳು ಕಾಡಿಸಿ ಕೇಳಿದರೆ, "ದೊಡ್ಡ ಬಿಳಿ ಮನೆ. ಕೆಳಗೆ ನೀರು, ಮೇಲೆ ಕಾಡು" ಎಂದಷ್ಟೇ ಹೇಳಿ ಪೈಪಿಗೆ ಹೊಗೆಸೊಪ್ಪು ತುಂಬಲು ತೊಡಗುತ್ತಿದ್ದರಂತೆ. ಅತ್ತೆಗೆ ಅಪ್ಪನಿಂದ ಬಂದ ಆಸ್ತಿ ಎಂದರೆ ಇಷ್ಟು ಮಾತು ಮತ್ತು ತಮ್ಮ ಹೆಸರಿನ ಕೊನೆಗೆ ಅಂಟಿಕೊಂಡಿದ್ದ ಮನೆತನದ ಹೆಸರು.

ನನ್ನ ಗಂಡ ಕಾಲೇಜಿನಲ್ಲಿದ್ದಾಗ ಅತ್ತೆ ಮಾವ ಇಬ್ಬರೂ ಆ ಹೆಸರಿನ ಬೆನ್ನು ಹತ್ತಿ ನಾರ್ವೆಗೆ ಹೋಗಿದ್ದರು. ಅಪ್ಪ ಬಂದ ಸೀಮೆಯಲ್ಲಿ ಆ ಹೆಸರಿನ ಕುಟುಂಬ ಇದ್ದದ್ದು ಒಂದೇ. ಬಸ್ಸಿಳಿದು ಏರು ಹತ್ತಿ ನೋಡಿದರೆ, ಎದುರಿಗೆ ದೊಡ್ಡ ಬಿಳಿ ಮನೆ, ಕೆಳಗೆ ನೀರು, ಮೇಲೆ ಕಾಡು. ಅತ್ತೆ ಗೇಟಿನ ಹತ್ತಿರ ನಿಂತೇ ಅತ್ತರಂತೆ. ಮನೆಯ ಯಜಮಾನ ಒಳಗೆ ಕರೆದು ಕೂರಿಸಿ, ಕಾಫಿಯನ್ನೂ ವಾಫಲ್ ಎಂಬ ಬಿಸಿ ಸಿಹಿದೋಸೆಯನ್ನೂ ಕೊಟ್ಟು, ವಿಷಯ ಕೇಳಿ ಇಲ್ಲವೆಂದು ತಲೆಯಾಡಿಸಿದನಂತೆ. ಇವರ ಸಮಾಧಾನಕ್ಕೆ ಚರ್ಚಿನ ಸ್ಮಶಾನಕ್ಕೂ ಕರೆದುಕೊಂಡು ಹೋಗಿ ತನ್ನ ಅಜ್ಜ, ಮುತ್ತಜ್ಜ, ಅವರ ತಮ್ಮಂದಿರು ಎಲ್ಲರ ಕಲ್ಲುಗಳನ್ನೂ ತೋರಿಸಿದನಂತೆ. ಕೊನೆಗೆ ಹೇಳಿದ ಮಾತು: "ನಮ್ಮ ಮನೆಯಲ್ಲಿ ಅಂಥ ಮಗ ಹುಟ್ಟಿಲ್ಲ."

ಅತ್ತೆ ಇದನ್ನು ನನಗೆ ಹೇಳಿದ್ದು ಅವರೆಕಾಳು ಹಿಸುಕುವಾಗ. ಸ್ಕಾರ್‌ಬರೋದ ಅಂಗಡಿಯಿಂದ ಅವರೆ ತಂದು ರಾತ್ರಿ ನೆನೆಹಾಕಿದರೆ, ಬೆಳಿಗ್ಗೆ ಅದರ ಸಿಪ್ಪೆ ಹಿಸುಕುವ ಕೆಲಸ ಅತ್ತೆಯದು. ಸಾರು ಅವರಿಗೆ ಖಾರ, ಹಿಸುಕುವುದು ಮಾತ್ರ ಬಲು ಇಷ್ಟ. ಬೆರಳ ಮಧ್ಯದಿಂದ ಕಾಳು ಚಿಮ್ಮಿ ಫ್ರಿಜ್ಜಿಗೆ ಹೋಗಿ ಬಡಿದರೆ ಮಗುವಿನ ಹಾಗೆ ನಗುತ್ತಾರೆ. ಅವತ್ತು ನಗಲಿಲ್ಲ.

"ಕಣ್ಣಿಗೆ ಕಾಣುವ ಮನೆಯೇ ಸುಳ್ಳು ಹೇಳುತ್ತದೆಯೇ? ಅಪ್ಪ ಹೇಳಿದ ಹಾಗೇ ಇತ್ತಲ್ಲ" ಎಂದರು. "ಅವನನ್ನು ಮನೆಯಿಂದ ಓಡಿಸಿದ್ದಾರೆ. ಇದ್ದನೆಂದು ಹೇಳಿಕೊಳ್ಳಲೂ ನಾಚಿಕೆ ಪಡುವಂಥದ್ದು ಏನೋ ಮಾಡಿರಬೇಕು. ಕಳ್ಳತನವೋ, ಯಾರಿಗಾದರೂ ಚಾಕು ಹಾಕಿದನೋ."

"ಬಿಡಿ ಅತ್ತೆ. ನಮ್ಮಲ್ಲಿ ಒಂದು ಮಾತಿದೆ, ಋಷಿಮೂಲ ನದೀಮೂಲ ಕೇಳಬಾರದು ಅಂತ."

"ನನ್ನಪ್ಪ ಋಷಿಯೂ ಅಲ್ಲ, ನದಿಯೂ ಅಲ್ಲ. ಬಡಗಿ." ಒಂದು ಕಾಳು ಹಿಸುಕಿ ಪಾತ್ರೆಗೆ ಹಾಕಿದರು. "ಇನ್ನು ಸ್ವಲ್ಪ ದಿನಕ್ಕೆ ನಾನೂ ಅವನಿರುವಲ್ಲಿಗೆ ಹೋಗುವವಳು. ಯಾವ ಮುಖ ಇಟ್ಟುಕೊಂಡು ಅವನನ್ನು ನೋಡಬೇಕೋ ತಿಳಿಯದು. ಅವನನ್ನು ಏಕೆ ಓಡಿಸಿದರೆಂದು ತಿಳಿದರೆ ಸಾಕು."

ನನಗೆ ಆ ವಾಫಲ್ ಕೊಟ್ಟ ಯಜಮಾನನ ಮೇಲೆ ಮೈಯೆಲ್ಲ ಉರಿಯಿತು. ಒಬ್ಬ ಹೆಂಗಸು ಸಮುದ್ರ ದಾಟಿ ಅಪ್ಪನ ಮನೆ ಹುಡುಕಿಕೊಂಡು ಬಂದರೆ, ಸುಮ್ಮನೆ ಹೌದೆಂದು ಒಂದು ಸುಳ್ಳು ಹೇಳಲು ಇವನ ಗಂಟೇನು ಹೋಗುತ್ತಿತ್ತು ಎಂದು ಬೈದುಕೊಂಡೆ.

ನನ್ನ ಗಂಡ ಬೋಲ್ಟನ್ನಿನ ಒಂದು ದೊಡ್ಡ ಗೋದಾಮಿನಲ್ಲಿ ಪೆಟ್ಟಿಗೆಗಳನ್ನು ಸಾಗಿಸುವ ಬೆಲ್ಟುಗಳನ್ನು ನೋಡಿಕೊಳ್ಳುವ ಎಂಜಿನಿಯರು. ಕೆಟ್ಟದ್ದನ್ನು ಬಿಚ್ಚಿ ನೋಡುವುದು ಅವರ ಸ್ವಭಾವ. ಇದೊಂದನ್ನು ಬಿಚ್ಚಲು ಹೆದರುತ್ತಿದ್ದರು. ನನ್ನ ಕಾಟ ತಾಳಲಾರದೆ, ಎಂಜಲು ಕಳಿಸಿದರೆ ವಂಶ ಹೇಳುವ ಪರೀಕ್ಷೆಯ ಡಬ್ಬಿ ತರಿಸಿದರು. ಅತ್ತೆ ಕೊಳವೆಯೊಳಗೆ ಉಗುಳಿ ಕಳಿಸಿದರು. ಬಹಳ ದಿನ ಕಾದ ಮೇಲೆ ಬಂದ ಉತ್ತರ, ಅವರು ಅರ್ಧ ನಾರ್ವೆಯವರು ಎಂದು. "ಇಷ್ಟು ಹೇಳುವುದಕ್ಕೆ ನನ್ನ ಉಗುಳು ಬೇಕಾಗಿತ್ತೇ?" ಎಂದು ಕೇಳಿ ಅತ್ತೆ ಮತ್ತೆ ಯೋಚನೆ ಮಾಡಲು ಕುರ್ಚಿಗೆ ಹೋದರು.

ಅತ್ತೆಯ ರೋಗ ನನಗೂ ಅಂಟಿತು. ಬೆಳಿಗ್ಗೆ ಸ್ಟೌಫ್‌ವಿಲ್ಲಿನಿಂದ ಟೊರಾಂಟೋದ ಯೂನಿಯನ್ ಸ್ಟೇಷನ್ನಿಗೆ ಹೋಗುವ ಟ್ರೇನಿನಲ್ಲಿ ಎಲ್ಲರೂ ಮೊಬೈಲಿಗೆ ಮುಖ ಹಚ್ಚಿಕೊಂಡಿರುತ್ತಾರೆ. ನಾನು ಗಾಜಿಗೆ ಹಣೆ ಹಚ್ಚಿಕೊಂಡು ಕೂರುತ್ತಿದ್ದೆ. ಮಂಜು ಕವಿದ ದಿನ ಹೊಲಗಳು ಹಿಂದಕ್ಕೆ ಹೋಗುತ್ತಿರುವುದೋ, ಟ್ರೇನು ನಿಂತೇ ಇರುವುದೋ ತಿಳಿಯದಂಥ ಒಂದು ಮಂಪರು. ಆ ಮಂಪರಿನಲ್ಲಿ ಒಬ್ಬ ಯುವಕ ಹಳಿಯ ಪಕ್ಕದಲ್ಲೇ ನಡೆದುಬರುತ್ತಿದ್ದ. ಹೆಗಲಿಗೆ ಗಂಟು, ಕಾಲಿಗೆ ಅಳತೆ ಮೀರಿದ ಬೂಟು. ಏನು ಮಾಡಿ ಬಂದೆಯಪ್ಪಾ ಎಂದು ನಾನು ಕೇಳುತ್ತಿದ್ದೆ. ಅವನು ತಲೆಯೆತ್ತುತ್ತಿರಲಿಲ್ಲ. ಅಷ್ಟರಲ್ಲಿ ಸ್ಕಾರ್‌ಬರೋದ ಮನೆಗಳ ಹಿತ್ತಿಲುಗಳು, ಬಟ್ಟೆ ಒಣಹಾಕಿದ ಬಾಲ್ಕನಿಗಳು ಬಂದು ಅವನು ಕರಗಿಹೋಗುತ್ತಿದ್ದ. ಆಫೀಸಿನಲ್ಲಿ ಕೂತು ಇನ್ನೊಬ್ಬರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಇಡೀ ದಿನ ಹುಡುಕುತ್ತಿದ್ದೆ. ಮನಸ್ಸು ಮಾತ್ರ ಆ ಬಿಳಿ ಮನೆಯ ಸುತ್ತ ತಿರುಗುತ್ತಿತ್ತು.

ಆ ವರ್ಷದ ಯುಗಾದಿ ಊಟಕ್ಕೆ ಅತ್ತೆಯನ್ನೂ ಕರೆದುಕೊಂಡು ಹೋದೆ. ಸ್ಕಾರ್‌ಬರೋದ ಒಂದು ಶಾಲೆಯ ಹಾಲು. ಹೊರಗೆ ಹಿಮ, ಒಳಗೆ ಪಟ್ಟೆ ಸೀರೆ, ಒಬ್ಬಟ್ಟಿನ ವಾಸನೆ. ಬಾಗಿಲಲ್ಲಿ ಎಲ್ಲರ ಎದೆಗೂ ಹೆಸರಿನ ಚೀಟಿ ಅಂಟಿಸುತ್ತಿದ್ದರು. ನನ್ನ ಚೀಟಿಯಲ್ಲಿ ಎಂದಿನಂತೆ ಕೊನೆಗೆ ನಮ್ಮ ಊರಿನ ಹೆಸರು. ಮೈಸೂರಿನಲ್ಲಿದ್ದಾಗ ಅದು ನನ್ನ ಹೆಸರಿನ ಮುಂದೆ ಒಂದೇ ಅಕ್ಷರವಾಗಿ ತೆಪ್ಪಗೆ ಕೂತಿತ್ತು. ಪಾಸ್‌ಪೋರ್ಟಿನವರು ಅದನ್ನು ಹಿಗ್ಗಿಸಿ ಬರೆಯಲು ಹೇಳಿದರು, ಇಲ್ಲಿಯವರು ಅದನ್ನೇ ನನ್ನ ಮನೆತನ ಮಾಡಿದರು. ಮದುವೆಯಾದ ಮೇಲೂ ನಾನದನ್ನು ಬದಲಾಯಿಸಲಿಲ್ಲ.

ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರು ತಿರುಗಿ ನನ್ನ ಚೀಟಿ ನೋಡಿ ಹುಬ್ಬೇರಿಸಿದರು. ಬೊಕ್ಕತಲೆ, ಜುಬ್ಬದ ಮೇಲೆ ದಪ್ಪ ಜಾಕೆಟ್ಟು. ಅವರ ಎದೆಯ ಮೇಲೂ ಅದೇ ಊರು!

"ಅಯ್ಯೋ, ನೀವು ನಮ್ಮೂರೋರಾ? ಯಾರ ಪೈಕಿ?" ಎಂದರು.

"ಹೌದು ಕಣ್ರೀ! ಕೆರೆ ಪಕ್ಕದ ಶಾನುಭೋಗರ ಮನೆ. ಆದ್ರೆ ನಾನು ಬೆಳೆದಿದ್ದೆಲ್ಲಾ ಮೈಸೂರಲ್ಲೇ. ನಿಮ್ದು?"

"ನಮ್ದೇನಿಲ್ಲ ಬಿಡಿ. ನಮ್ ತಾತ ಅಲ್ಲಿ ಸ್ಕೂಲ್ ಮೇಷ್ಟ್ರು, ಟ್ರಾನ್ಸ್‌ಫರ್ ಆಗಿ ಬಂದೋರು. ಅಪ್ಪ ಹುಟ್ಟಿದ್ದು ಅಲ್ಲಿ, ಅದಕ್ಕೇ ಇನಿಶಿಯಲ್ ಅಂಟ್ಕೊಳ್ತು. ನಾನಂತೂ ಆ ಊರನ್ನ ನೋಡೇ ಇಲ್ಲ. ಸುಮ್ನೆ ಪಾಸ್‌ಪೋರ್ಟಲ್ಲಿ ಹೊತ್ಕೊಂಡು ತಿರುಗ್ತಿದೀನಿ."

ಇಬ್ಬರೂ ನಕ್ಕೆವು. ನಮ್ಮ ಮಾತು ಅರ್ಥವಾಗದಿದ್ದರೂ ಎರಡು ಚೀಟಿಗಳಲ್ಲೂ ಒಂದೇ ಹೆಸರಿರುವುದನ್ನು ಓದಿಕೊಂಡಿದ್ದ ಅತ್ತೆಯ ಮುಖ ಅರಳಿತ್ತು. "ನಿನ್ನ ಅಣ್ಣನೇ? ದೊಡ್ಡಪ್ಪನ ಮಗನೇ?" ಎಂದು ಅವರ ಕೈ ಹಿಡಿದು ಕುಲುಕಿದರು.

"ಅಯ್ಯೋ, ಏನೂ ಆಗಬೇಕಾಗಿಲ್ಲ ಅತ್ತೆ. ಅದು ಊರಿನ ಹೆಸರು. ಆ ಊರಲ್ಲಿ ಇದ್ದವರೆಲ್ಲ ಇಟ್ಟುಕೊಳ್ಳಬಹುದು."

"ಹಾಗಾದರೆ ಇವರ ಮಗಳು ನಾಳೆ ಆ ಊರಿಗೆ ಹೋಗಿ, ಹೆಸರು ನೋಡಿ ನಿಮ್ಮ ಮನೆಗೇ ಬಂದು ಅಪ್ಪನ ಬಗ್ಗೆ ಕೇಳಿದರೆ?"

ನಾನು ಬಾಳೆಎಲೆ ಅಚ್ಚಿನ ಕಾಗದದ ತಟ್ಟೆಗೆ ಕೋಸಂಬರಿ ಬಡಿಸಿಕೊಳ್ಳುತ್ತಾ ತಮಾಷೆಯಾಗಿ ಹೇಳಿದೆ: "ಕಾಫಿ ಕೊಟ್ಟು, ನಮ್ಮ ಮನೆಯಲ್ಲಿ ಅಂಥ ಮಗ ಹುಟ್ಟಿಲ್ಲಮ್ಮಾ ಅಂತ ಕಳಿಸುತ್ತಾರೆ."

ಮಾತು ಬಾಯಿಂದ ಹೊರಬಿದ್ದ ಮೇಲೆ ನನ್ನ ಕಿವಿಗೆ ಬಿತ್ತು. ಅತ್ತೆಯ ಕಿವಿಗೂ ಬಿತ್ತು. ಸಾಲಿನಲ್ಲಿ ಹಿಂದಿದ್ದವರು ಮುಂದೆ ಹೋಗಿ ಮುಂದೆ ಹೋಗಿ ಎನ್ನುತ್ತಿದ್ದರು. ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಾ ಅಲ್ಲೇ ನಿಂತಿದ್ದೆವು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎಂಬ ಗಾದೆಯನ್ನು ನಾನು ಎಷ್ಟು ಜನರಿಗೆ ಹೇಳಿ ನಕ್ಕಿದ್ದೇನೋ! ಆ ಬೆಣ್ಣೆ ಇಷ್ಟು ವರ್ಷ ನನ್ನ ಪಾಸ್‌ಪೋರ್ಟಿನಲ್ಲೇ ಇತ್ತು.

ಆ ರಾತ್ರಿಯೇ ನನ್ನ ಗಂಡ ನಾರ್ವೆಯಲ್ಲಿ ಆ ಬಿಳಿ ಮನೆಯಿದ್ದ ಊರಿನ ಇತಿಹಾಸ ಕೂಡಿಡುವ ಸಂಘವೊಂದಕ್ಕೆ ಬರೆದರು. ಈ ಸಲ ಪ್ರಶ್ನೆ ಬೇರೆ. ಆ ಮನೆತನದ ಮಗನೇ ಎಂದಲ್ಲ, ಆ ನೆಲದ ಮೇಲೆ ಬೇರೆ ಯಾರಾದರೂ ವಾಸವಿದ್ದರೇ ಎಂದು. ಉತ್ತರ ಬರೆದದ್ದು ಒಬ್ಬ ನಿವೃತ್ತ ಶಾಲಾ ಮಾಸ್ತರು. ಅವರ ಕಡೆ ಹಿಂದೆ ಹೆಸರಿನ ಕೊನೆಗೆ ಬರುತ್ತಿದ್ದದ್ದು ವಂಶವಲ್ಲ, ಇದ್ದ ಜಮೀನು. ಜಮೀನು ಬಿಟ್ಟು ಇನ್ನೊಂದಕ್ಕೆ ಹೋದರೆ ಹೆಸರೂ ಬದಲಾಗುತ್ತಿತ್ತು. ದೊಡ್ಡ ಮನೆಯ ಯಜಮಾನನಿಗೂ, ಅದರ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು ಅವನ ಹೊಲದಲ್ಲಿ ದುಡಿಯುತ್ತಿದ್ದ ಒಕ್ಕಲಿನವನಿಗೂ ಅದೇ ಹೆಸರು. ಬಿಳಿ ಮನೆಯ ಮೇಲ್ಗಡೆ, ಕಾಡು ಶುರುವಾಗುವಲ್ಲಿ, ಅಂಥದೊಂದು ಗುಡಿಸಲಿತ್ತು. ಗಂಡ ಸತ್ತ ಒಬ್ಬ ಹೆಂಗಸು, ಒಬ್ಬ ಮಗ, ಒಬ್ಬಳು ಪುಟ್ಟ ಮಗಳು. ಆ ಮಗ ಕೆನಡಾಕ್ಕೆ ಹೋದ. ಈಗ ಅಲ್ಲಿ ಅಡಿಪಾಯದ ನಾಲ್ಕು ಕಲ್ಲುಗಳಿವೆ.

ನಾನು ಇದನ್ನು ಓದಿ ಹೇಳುವಾಗ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಅವರು ಆ ಏರನ್ನು ಹತ್ತುತ್ತಿದ್ದಾರೆಂದು ನನಗೆ ಅನಿಸಿತು. ಬಿಳಿ ಮನೆಯನ್ನು ಬಳಸಿಕೊಂಡು, ಬೇಲಿ ದಾಟಿ, ಇನ್ನೂ ಮೇಲಕ್ಕೆ.

"ಅಂದರೆ ಅವನು ಆ ಮನೆಯನ್ನು ಮೇಲಿನಿಂದ ನೋಡುತ್ತಿದ್ದ" ಎಂದರು. "ತನ್ನದೆಂದು ಅವನು ಯಾವತ್ತೂ ಹೇಳಿರಲಿಲ್ಲ. ನಾನೇ ಅಂದುಕೊಂಡೆ."

"ಯಾರೂ ಓಡಿಸಿರಲಿಲ್ಲ ಅತ್ತೆ. ನಿಮ್ಮಪ್ಪ ಆ ಮನೆಯ ಮಗನೇ ಅಲ್ಲ. ಪಾಪ, ಆ ಯಜಮಾನ ನಿಜವನ್ನೇ ಹೇಳಿದ್ದ." ಅಷ್ಟು ವರ್ಷ ಬೈದವನಿಗೆ ನಾನು ಮನಸ್ಸಿನಲ್ಲೇ ಒಂದು ವಾಫಲ್ ವಾಪಸು ಕೊಟ್ಟೆ.

ಅತ್ತೆಗೆ ಸಂತೋಷವಾದೀತೆಂದು ಕಾದೆ. ಅವರು ಕಣ್ಣು ತೆರೆದು, "ಗುಡಿಸಲಿನವರು? ಅವರಾದರೂ ಅವನಿಗಾಗಿ ಕಾದರೇ? ಇಲ್ಲ, ಹೋದರೆ ಹೋಗಲಿ ಎಂದರೇ?" ಎಂದು ಕೇಳಿದರು. ಮತ್ತೆ ಮಾಸ್ತರಿಗೆ ಬರೆದೆವು.

ಬೇಸಿಗೆ ಬಂತು. ಕೊಳಕ್ಕೆ ಬಾತುಗಳು ಬಂದವು, ಹೊಲದ ಜೋಳ ಆಳೆತ್ತರ ಬೆಳೆದು ಕಟಾವಾಯಿತು. ಅತ್ತೆ ಮೊದಲಿಗಿಂತ ಹೆಚ್ಚು ಯೋಚನೆ ಮಾಡತೊಡಗಿದರು. ಊಟಕ್ಕೆ ಎಬ್ಬಿಸಿದರೆ ಒಂದು ಕ್ಷಣ ನನ್ನನ್ನು ಯಾರೋ ಎಂಬಂತೆ ನೋಡುತ್ತಿದ್ದರು. ಉತ್ತರ ಬರುವ ಮೊದಲೇ ಇವರು ಆ ಕಡೆ ದಾಟಿಬಿಟ್ಟರೆ ಎಂದು ನನಗೆ ಭಯ. ಆಫೀಸಿನಿಂದ ಬಂದವಳು ಕೋಟು ಬಿಚ್ಚುವ ಮೊದಲು ಅವರ ಕುರ್ಚಿಯ ಹತ್ತಿರ ಹೋಗಿ ಗೊರಕೆ ಕೇಳಿಸುತ್ತಿದೆಯೇ ಎಂದು ನೋಡುತ್ತಿದ್ದೆ.

ಮಾಸ್ತರ ಎರಡನೆಯ ಉತ್ತರ ಮೊದಲ ಹಿಮದ ಹೊತ್ತಿಗೆ ಬಂತು. ಆ ಪುಟ್ಟ ತಂಗಿ ದೊಡ್ಡವಳಾಗಿ, ನೀರಿನ ಆಚೆ ದಡದ ಹಳ್ಳಿಗೆ ಮದುವೆಯಾಗಿ ಹೋಗಿದ್ದಳು. ಅತ್ತೆ ಈಚೆ ದಡದಲ್ಲಿ ವಾಫಲ್ ತಿನ್ನುತ್ತಿದ್ದಾಗ ಅವಳು ಇನ್ನೂ ಬದುಕಿದ್ದಳು. ಇದನ್ನು ಓದಿ ನಾನು ಎದ್ದು ಅಡುಗೆಮನೆಗೆ ಹೋಗಿ, ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ತಿಳಿಯದೆ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ. ದೋಣಿ ಹತ್ತಿದ್ದರೆ ಸಿಗುತ್ತಿದ್ದಳಲ್ಲ!

ಆ ತಂಗಿ ತನ್ನ ಮೊದಲ ಮಗನಿಗೆ ಅಣ್ಣನ ಹೆಸರು ಇಟ್ಟಿದ್ದಳು. ಆ ಹುಡುಗ ಹರೆಯದಲ್ಲೇ ಮೀನಿಗೆ ಹೋಗಿ ಮುಳುಗಿದ ಮೇಲೆ, ಅವನ ತಂಗಿ ತನ್ನ ಮಗನಿಗೂ ಅದೇ ಹೆಸರು ಇಟ್ಟಿದ್ದಳು. ಮಾಸ್ತರು ಕೊನೆಗೆ ಒಂದು ಮಾತು ಸೇರಿಸಿದ್ದರು: ನಮ್ಮ ಕಡೆಯ ಹಳಬರು ಬದುಕಿರುವವರ ಹೆಸರನ್ನು ಮಗುವಿಗೆ ಇಡುತ್ತಿರಲಿಲ್ಲ, ಹೋದವರ ಹೆಸರನ್ನು ಮಾತ್ರ ಇಡುತ್ತಿದ್ದರು. ನಮ್ಮ ಮೈಸೂರಿನ ಕಡೆಯೂ ತೀರಿಹೋದ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ, ಆಮೇಲೆ ಆ ಹೆಸರು ಹಿಡಿದು ಬೈಯಲಾಗದೆ ಒದ್ದಾಡುತ್ತಾರೆ. ಹಾಗಾಗಿ ಮಾಸ್ತರ ಮಾತು ನನಗೆ ತಕ್ಷಣ ಅರ್ಥವಾಯಿತು. ಅತ್ತೆಗೆ ಬಿಡಿಸಿ ಹೇಳಬೇಕಾಯಿತು. ಕೆನಡಾದಿಂದ ಅತ್ತೆಯ ಅಪ್ಪನ ಸುದ್ದಿ ಬರುವುದು ನಿಂತು ಬಹಳ ಕಾಲವಾಗಿತ್ತು. ಏಕೆ ನಿಂತಿತೆಂದು ಇನ್ನು ಯಾರೂ ಹೇಳಲಾರರು. ಮನೆಯವರು ಸತ್ತನೆಂದೇ ತಿಳಿದಿದ್ದರು.

"ಆ ಮೊದಲ ಮಗು ಹುಟ್ಟಿದಾಗ ಅಪ್ಪ ಬದುಕಿದ್ದ" ಎಂದರು ಅತ್ತೆ. "ನಮ್ಮ ಹಿತ್ತಲ ಮೇಪಲ್ ಮರಕ್ಕೆ ನನಗೆ ಉಯ್ಯಾಲೆ ಕಟ್ಟುತ್ತಿದ್ದ." ಆಮೇಲೆ, "ಹಾಗಾದರೆ ಅವರು ಅತ್ತಿದ್ದಾರೆ" ಎಂದರು.

"ಅಳದೆ ಇರುತ್ತಾರೆಯೇ ಅತ್ತೆ."

"ತಾವೇ ಓಡಿಸಿದವನಿಗಾಗಿ ಯಾರೂ ಅಳುವುದಿಲ್ಲ, ಅಲ್ಲವೇ? ಹೆಸರಿಡುವುದಿಲ್ಲ, ಅಲ್ಲವೇ?" ಮಗು ಕೇಳಿದ ಹಾಗೆ ಕೇಳಿದರು. ನಾನು ಇಲ್ಲ ಇಲ್ಲ ಎನ್ನುತ್ತಾ ಅವರ ತಲೆಯನ್ನು ಎದೆಗೆ ಒತ್ತಿಕೊಂಡೆ. ನನ್ನ ಕಣ್ಣೀರು ಅವರ ಬಿಳಿ ಕೂದಲಿನ ಮೇಲೆ ಬಿತ್ತು. ಅವರು ಮಾತ್ರ ಅಳಲಿಲ್ಲ.

ಮುಳುಗಿದ ಹುಡುಗನ ಆ ತಂಗಿ ಇನ್ನೂ ಇದ್ದಾರೆ. ಅತ್ತೆಗೆ ಸೋದರತ್ತೆಯ ಮಗಳು. ವಯಸ್ಸಿನಲ್ಲಿ ಸ್ವಲ್ಪ ಚಿಕ್ಕವರು. ಒಂದು ಭಾನುವಾರ ಬೆಳಿಗ್ಗೆ ವಿಡಿಯೋ ಕರೆಗೆ ಮಾಸ್ತರು ಏರ್ಪಾಡು ಮಾಡಿದರು. ಆ ಹೊತ್ತಿಗೆ ಅಲ್ಲಿ ಮಧ್ಯಾಹ್ನ. ಅತ್ತೆ ನೀಲಿ ಸ್ವೆಟರು ಹಾಕಿ, ತುಟಿಗೆ ಬಣ್ಣ ಹಚ್ಚಿ, ಊಟದ ಮೇಜಿನ ಮುಂದೆ ಪರೀಕ್ಷೆಗೆ ಕೂತವರ ಹಾಗೆ ಕೂತರು. ನನ್ನ ಗಂಡ ಟ್ಯಾಬ್ಲೆಟ್ಟನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿದರು. ಹೊರಗೆ ಗಾಳಿಯಿಲ್ಲದೆ ಹಿಮ ಬೀಳುತ್ತಿತ್ತು. ಪರದೆಯಲ್ಲಿ ಮೊದಲು ಬರೀ ಹಣೆ ಕಾಣಿಸಿತು, ಆಮೇಲೆ ಎರಡು ಕಣ್ಣು. ಆ ಮುದುಕಿಯ ಹಿಂದಿನ ಕಿಟಕಿಯಲ್ಲೂ ಹಿಮ ಬೀಳುತ್ತಿತ್ತು. ಎರಡು ಹಿಮವೂ ಒಂದೇ ಎನಿಸಿ, ನಾವೆಲ್ಲಿ ಕೂತಿದ್ದೇವೆಂದು ನನಗೆ ಒಂದು ಗಳಿಗೆ ಮರೆತೇಹೋಯಿತು.

ಆಕೆ ಏನೋ ಹೇಳಿದರು. ನಮಗೆ ತಿಳಿಯಲಿಲ್ಲ. ಅತ್ತೆ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದರು. ಆಕೆಗೆ ತಿಳಿಯಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಸುಮ್ಮನೆ ನಕ್ಕರು. ಆಮೇಲೆ ಆಕೆ, ಮಾತು ತಿರುಗಿಸಿ ಹೇಳುವವನು ಬೇಕೆಂದೋ ಏನೋ, ಬಾಗಿಲ ಕಡೆ ಮುಖ ಮಾಡಿ ಮಗನನ್ನು ಕೂಗಿದರು.

ಇಲ್ಲಿ ಕೆನಡಾದಲ್ಲಿ ಅತ್ತೆಯ ಅಪ್ಪನನ್ನು ಎಲ್ಲರೂ ಕರೆಯುತ್ತಿದ್ದದ್ದು ಮರ ಕಡಿಯುವ ಶಿಬಿರದ ಮೇಸ್ತ್ರಿ ಇಟ್ಟ ಒಂದು ಇಂಗ್ಲಿಷ್ ಹೆಸರಿನಿಂದ. ಅತ್ತೆಯ ತಾಯಿಯೂ ಹಾಗೇ ಕರೆಯುತ್ತಿದ್ದರು. ನಿಜವಾದ ಹೆಸರನ್ನು ಅತ್ತೆ ಅಪ್ಪನ ಗೋರಿಕಲ್ಲಿನ ಮೇಲೆ ಓದಿದ್ದರು, ಅಷ್ಟೆ. ಅದನ್ನು ಯಾರೂ ಬಾಯಿಬಿಟ್ಟು ಕೂಗಿದ್ದನ್ನು ಕೇಳಿರಲಿಲ್ಲ. ಊಟ ಆರುತ್ತಿದೆ ಬಾರೋ ಎಂದು ತಾಯಂದಿರು ಕೂಗುವ ಹಾಗೆ, ಕೊನೆಯನ್ನು ಎಳೆದು, ಈಗ ಪರದೆಯಲ್ಲಿ ಆಕೆ ಅದೇ ಹೆಸರು ಕೂಗಿದರು. ಉತ್ತರ ಬಾರದ್ದಕ್ಕೆ ಇನ್ನೂ ಗಟ್ಟಿಯಾಗಿ, ಸ್ವಲ್ಪ ಸಿಡುಕಿನಿಂದ, ಇನ್ನೊಮ್ಮೆ ಕೂಗಿದರು. ಅತ್ತೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡರು.

ಐವತ್ತು ದಾಟಿದ ಗಡ್ಡದ ಗಂಡಸೊಬ್ಬ ಬೂಟಿನ ಹಿಮ ಕೊಡವುತ್ತಾ ಒಳಗೆ ಬಂದು, ತಾಯಿಯ ಪಕ್ಕ ಬಗ್ಗಿ, ನಮಗೆಲ್ಲ ಇಂಗ್ಲಿಷಿನಲ್ಲಿ ಶುಭಾಶಯ ಹೇಳಿದ. ಅಜ್ಜಿ ಹೇಳುತ್ತಿದ್ದ ಕತೆಗಳು ತನಗೆ ಗೊತ್ತಿವೆ, ಕೇಳಿ ಎಂದ. ಅತ್ತೆ ಅವನನ್ನು ನೋಡಲಿಲ್ಲ.

"ಅವಳಿಗೆ ಇನ್ನೊಂದು ಸಲ ಕರೆಯಲು ಹೇಳು" ಎಂದರು ನನಗೆ.

ನಾನು ಅವನಿಗೆ ಹೇಳಿದೆ. ಅವನು ತಬ್ಬಿಬ್ಬಾಗಿ ತಾಯಿಗೆ ಹೇಳಿದ. ಆಕೆ ಪಕ್ಕದಲ್ಲೇ ನಿಂತಿದ್ದ ಮಗನನ್ನು ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ಮಗನ ಕಡೆ ತಿರುಗದೆ, ಬಾಗಿಲ ಕಡೆ ಮುಖ ಮಾಡಿ, ಬಹಳ ದೂರದಲ್ಲಿರುವವರಿಗೆ ಕೇಳಿಸುವಂತೆ ಕರೆದರು.